ಸಿಟ್ಟಿಗೆ ಪಿಟೀಲು

ಬ್ಯಾಡಗಿ
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಕಾವೇರಿಗೆ,

ನಿನ್ನ ಗೆಳತಿ ಮುತ್ತವ್ವನ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಮಗಳು ಕಾವ್ಯಾನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ವಾಟ್ಸಾಪಿನಲ್ಲಿ ಹಾಡಿನ ಲಿಂಕ್ ಕಳಿಸಿದೆ, ಅದಕ್ಕೂ ಉತ್ತರ ಕೊಡಲಿಲ್ಲ. ತಡವಾದದ್ದಕ್ಕೆ ಕ್ಷಮಿಸು. ಸೀಜನ್ ಜೋರಾಗಿದೆ, ಶೆಡ್ಡಿನ ತುಂಬ ಮೆಣಸಿನಕಾಯಿ ಬಿದ್ದಿದೆ, ನಲವತ್ತು ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಿದ್ದಾರೆ, ನಾಳೆ ಗುರುವಾರ ಮತ್ತೆ ಮಾರುಕಟ್ಟೆ ಎಂದೆಲ್ಲ ಬರೆಯಬಹುದು. ಅದು ಸುಳ್ಳೂ ಅಲ್ಲ. ಆದರೆ ಕಾರಣ ಅದಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಒಂದು ತಿಂಗಳಾಯಿತು, ಇಳಿದಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀ, ನೀನು ನಕ್ಕರೆ ನಾನೂ ನಗುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಮೂವತ್ತು ವರ್ಷದಿಂದ ಹೀಗೇ ಆಗಿದೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅಕ್ಷರ ಕೆಟ್ಟಿದೆ. ನೀನು ಇಂಗ್ಲಿಷ್ ಲೆಕ್ಚರರು, ತಪ್ಪು ತಿದ್ದುವ ಚಟವನ್ನು ಒಂದು ಹತ್ತು ನಿಮಿಷ ಬದಿಗಿಟ್ಟು ಓದು.

ಜನವರಿ ಎರಡನೆಯ ಭಾನುವಾರ ನೀನು ಕರೆದೆ ಎಂದು ರಾಣೆಬೆನ್ನೂರಿಗೆ ಬಂದೆ. ನಿಮ್ಮ ಮಹಿಳಾ ಸಂಘದ ಕಾರ್ಯಕ್ರಮ, ಹಳೆಯ ರಾಕ್ ಆಲ್ಬಮ್ಮುಗಳನ್ನು ಪರದೇಶದ ದೊಡ್ಡ ಆರ್ಕೆಸ್ಟ್ರಾದವರು ನುಡಿಸಿದ್ದಾರೆ, ಆ ರೆಕಾರ್ಡನ್ನು ಕೂತು ಕೇಳುವುದು ಎಂದಿದ್ದೆ. ನಮ್ಮವರು, "ಆರ್ಕೆಸ್ಟ್ರಾ ಅಂದ್ರ ಯಾವ ಪಿಕ್ಚರಿನ ಹಾಡ ಹಾಡ್ತಾರ?" ಎಂದು ಕೇಳಿದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಒಳ್ಳೆಯ ಸೀರೆ ಉಟ್ಟುಕೊಂಡು ಬೆಳಗಿನ ಬಸ್ಸು ಹಿಡಿದೆ. ನೀನು ಬಾಗಿಲಿಗೇ ಬಂದು ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಯಾವ ಆಲ್ಬಮ್ ಎಂದು ಕೇಳಿದರೆ, "ಕೇಳ, ಗೊತ್ತಾಗ್ತದ" ಅಂದೆ.

ಗೊತ್ತಾಯಿತು. ನಾಲ್ಕನೆಯ ಸ್ವರಕ್ಕೇ ಗೊತ್ತಾಯಿತು. ನಮ್ಮದೇ ಕ್ಯಾಸೆಟ್ಟು.

ನೀನು ಮೈಕ್ ಹಿಡಿದು ಹೇಳಿದೆ, "ಇದು ಮೊದಲ ಬಂದಾಗ ಮಂದಿ ಗದ್ದಲ ಅಂದ್ರು. ಈಗ ನೋಡ್ರಿ, ಎಂಬತ್ತು ಮಂದಿ ಕುಂತು ನುಡಿಸ್ಯಾರ. ಆ ಗದ್ದಲದೊಳಗ ಎಷ್ಟ ಛಂದ ಸಂಗೀತ ಇತ್ತು ಅಂತ ಈಗ ತಿಳೀತದ." ಸಂಘದ ಹೆಂಗಸರೆಲ್ಲ ಕಣ್ಣು ಮುಚ್ಚಿ ತಲೆ ಆಡಿಸಿದರು. ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಆ ಡ್ರಮ್ಮಿಗಾಗಿ ಕಾಯುತ್ತಿದ್ದೆ. ನಿನಗೆ ನೆನಪಿಲ್ಲವೇ? ಮೊದಲನೆಯ ಹಾಡಿನಲ್ಲಿ ಡ್ರಮ್ಮು ಯಾರನ್ನೂ ಕೇಳದೆ ಒಳಗೆ ನುಗ್ಗುತ್ತಿತ್ತು. ಭಾನುವಾರ ಮಧ್ಯಾಹ್ನ ಹಾಸ್ಟೆಲಿನ ಹುಡುಗಿಯರೆಲ್ಲ ಎರೆದುಕೊಂಡು ಬಿಸಿಲಿಗೆ ಕೂದಲು ಒಣಗಿಸುತ್ತಿದ್ದಾಗ, ನಾವಿಬ್ಬರು ಕೋಣೆಯಲ್ಲಿ ಒಂದೇ ಹೆಡ್‌ಫೋನನ್ನು ಬಗ್ಗಿಸಿ ಒಂದು ಕಿವಿ ನಿನಗೆ, ಒಂದು ಕಿವಿ ನನಗೆ ಮಾಡಿಕೊಂಡು, ಆ ಡ್ರಮ್ಮು ಬಂದಾಗ ಇಬ್ಬರೂ ಮಂಚ ಕುಟ್ಟುತ್ತಿದ್ದೆವು. ರಾಣೆಬೆನ್ನೂರಿನಲ್ಲಿ ಆ ಡ್ರಮ್ಮು ಬರಲೇ ಇಲ್ಲ. ಅದರ ಜಾಗದಲ್ಲಿ ಪಿಟೀಲಿನವರು ಮೆಲ್ಲಗೆ, ಚಪ್ಪಲಿ ಬಿಟ್ಟು ಬಂದವರ ಹಾಗೆ ಬಂದರು.

ಮೂರನೆಯ ಹಾಡು ಇನ್ನೂ ಕೆಟ್ಟದ್ದು. ಅದರಲ್ಲಿ ಆ ಮನುಷ್ಯ ಒದರಿ ಒದರಿ ಕೊನೆಗೆ ದನಿ ಹರಿದುಹೋಗುವ ಜಾಗ ಇದೆಯಲ್ಲ, ಅಲ್ಲಿ ಕೊಳಲು ಹಾಕಿದ್ದಾರೆ. ಅವನ ಇಂಗ್ಲಿಷು ನನಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ, ಈಗಲೂ ಇಲ್ಲ. ಅವನಿಗೆ ಸಿಟ್ಟು ಬಂದಿದೆ ಎಂಬುದು ಮಾತ್ರ ತಿಳಿದಿತ್ತು, ಅಷ್ಟು ಸಾಕಾಗಿತ್ತು. ಆ ಸಿಟ್ಟನ್ನೇ ಸೋಸಿ ಚೆಲ್ಲಿ, ಉಳಿದದ್ದನ್ನು ಸಂಗೀತ ಎಂದು ಬಡಿಸಿದರೆ ನಾನು ಹೇಗೆ ಉಣ್ಣಲಿ? ಸುಳ್ಳು ಹೇಳಲಾರೆ, ಎರಡನೆಯದು ನನಗೂ ಹಿಡಿಸಿತು. ಆ ದೊಡ್ಡ ಪಿಟೀಲು, ನೆಲಕ್ಕೆ ಊರಿ ನುಡಿಸುವುದು, ಅದು ಒಬ್ಬಳೇ ಕೂತು ಅತ್ತ ಹಾಗೆ ಕೇಳಿಸಿತು. ನನ್ನ ಕಣ್ಣೂ ತುಂಬಿತು. ಅದಕ್ಕೂ ನಿನ್ನ ಮೇಲೆ ಸಿಟ್ಟೇ.

ಮರುದಿನ ಶೆಡ್ಡಿನಲ್ಲಿ ನೀನು ಕಳಿಸಿದ್ದನ್ನೇ ದೊಡ್ಡ ಸ್ಪೀಕರಿಗೆ ಹಚ್ಚಿದೆ. ನಾನು ದಿನಾ ಅಲ್ಲಿ ಹಳೆಯದನ್ನೇ ಹಚ್ಚುವುದು ನಿನಗೆ ಗೊತ್ತು, ಹೆಣ್ಣುಮಕ್ಕಳಿಗೂ ರೂಢಿಯಾಗಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದ ಮುಮ್ತಾಜಬಿ ಕೈ ನಿಲ್ಲಿಸಿ ಕೇಳಿದಳು, "ಅಕ್ಕಾರ, ದಿನಾ ಒದರ್ತಿದ್ನಲ್ಲ, ಆ ಮನಶ್ಯಾ ಎಲ್ಲಿ ಹೋದ?" ಇಲ್ಲವ್ವ, ಇದು ಬರೀ ವಾದ್ಯದ್ದು ಎಂದೆ. ಅವಳು, "ಅಂವಾ ಒದರಿದ್ರ ಛಲೋ ಇತ್ತರಿ. ನಾವು ಕೆಮ್ಮಿದ್ದು ನಮಗ ಕೇಳಿಸ್ತಿದ್ದಿಲ್ಲ" ಎಂದಳು. ಹಳೆಯದನ್ನೇ ಹಚ್ಚಿದೆ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನೇ ಮಾರಿ ಉಣ್ಣುವವಳು ನಾನು, ಹೀಗಳೆಯಲಾರೆ. ಆದರೆ ಅದನ್ನು ಖಾರದ ಕಾಯಿ ಎಂದು ಹೇಳಿ ಮಾರಿದರೆ ಅದಕ್ಕೆ ಮೋಸ ಅನ್ನುತ್ತಾರೆ.

ಹಾಡಿನ ಮಾತು ಹಾಳಾಗಲಿ. ಅವರ ಹಾಡು, ಅವರು ಏನಾದರೂ ಮಾಡಿಕೊಳ್ಳಲಿ. ಆದರೆ ಹಾಡು ಮುಗಿದ ಮೇಲೆ ನೀನು ನನ್ನ ಕಥೆ ಹೇಳಿದೆ.

"ಇಲ್ಲೇ ಮುಂದ ಕುಂತಾಳ ನೋಡ್ರಿ ನನ್ನ ಗೆಳತಿ ಮುತ್ತವ್ವ. ನಾವು ಹಾವೇರಿಯೊಳಗ ಬಿಎ ಓದೂ ಮುಂದ ಹಾಸ್ಟೆಲಿನ್ಯಾಗ ಕದ್ದು ಇದನ್ನ ಕೇಳಿ ವಾರ್ಡನ್ ಕೈಯಾಗ ಸಿಕ್ಕೊಂಡ್ಲು. ಕಾಲೇಜ ಬಿಟ್ಲು, ಆದ್ರ ಸಂಗೀತ ಬಿಡಲಿಲ್ಲ. ಹಾವೇರಿ ಜಿಲ್ಲಾದ ಮೊದಲನೇ ರಾಕ್ ಹುಡುಗಿ ಈಕೀನ." ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನನ್ನನ್ನು ಮೇಲೆ ಕರೆದು ಶಾಲು ಹೊದಿಸಿದಿರಿ. ನಾನೂ ಹಲ್ಲು ಕಿಸಿದು ಫೋಟೋಕ್ಕೆ ನಿಂತೆ. ಆ ಫೋಟೋ ಕಳಿಸಿದ್ದೀಯಲ್ಲ, ಅದರಲ್ಲಿ ನನ್ನ ನಗು ನೋಡಿದರೆ ನನಗೇ ಅಸಹ್ಯ ಬರುತ್ತದೆ.

ಕಾವೇರಿ, ನಾನು ಕಾಲೇಜು ಬಿಡಲಿಲ್ಲ. ನನ್ನನ್ನು ಬಿಡಿಸಿದರು. ವಾಕ್‌ಮನ್ ನನ್ನದು, ಸೋದರಮಾವ ಗೋವಾದಿಂದ ತಂದುಕೊಟ್ಟದ್ದು. ಕ್ಯಾಸೆಟ್ಟು ನಿನ್ನದು. ವಾರ್ಡನ್ ಎರಡನ್ನೂ ಮೇಜಿನ ಮೇಲಿಟ್ಟು ಇದು ಯಾರದು ಎಂದು ಕೇಳಿದಾಗ, ನೀನು ಸೀರೆಯ ಸೆರಗಿನ ಮರೆಯಲ್ಲಿ ನನ್ನ ಬೆರಳು ಹಿಡಿದುಕೊಂಡೆ. ಅದಕ್ಕೂ ಮೊದಲು ಮೆಟ್ಟಿಲ ಮೇಲೆ ನಿಂತು ಅಂದಿದ್ದೆ, "ಮುತ್ತಿ, ನಿಮ್ಮಪ್ಪ ಹ್ಯಾಂಗರ ಸಂಭಾಳಿಸ್ತಾರ. ನಂದು ಸ್ಕಾಲರ್‌ಶಿಪ್ಪಿನ ಸೀಟು. ಹೋದ್ರ ನಮ್ಮೂರ ಕರ್ಜಗಿಗೆ ಹೋಗಿ ಕುರಿ ಹಿಂದ ನಿಲ್ಲೂದ." ಅದು ಖರೆ ಎಂದು ನನಗೂ ಗೊತ್ತಿತ್ತು. ನಾನೇ ಬಾಯಿಬಿಟ್ಟು ನನ್ನದು ಎಂದೆ. ದಂಡ ಹಾಕುತ್ತಾರೆ, ಬೈಯುತ್ತಾರೆ, ಮುಗಿಯುತ್ತದೆ ಅಂದುಕೊಂಡಿದ್ದೆ. ಅಷ್ಟರ ಮಟ್ಟಿಗೆ ನಾನಾಗಿ ಮಾಡಿದ್ದು, ಅದಕ್ಕೆ ನಿನ್ನನ್ನು ಬೈಯುವುದಿಲ್ಲ.

ಆದರೆ ಕ್ಯಾಸೆಟ್ಟಿನ ಹೊದಿಕೆಯ ಕಾಗದ ಬಿಚ್ಚಿದರೆ ಒಳಗೆ ಬರಹ ಇದೆ ಎಂದು ನೀನು ಹೇಳಲಿಲ್ಲ. ಅದನ್ನು ಕೊಟ್ಟ ಹುಡುಗ ಇಂಗ್ಲಿಷಿನಲ್ಲಿ ಬರೆದದ್ದು. ಗಳಗನಾಥದ ಹೊಳೆ ದಂಡೆಯ ಮೇಲೆ ನಿನ್ನ ಜೊತೆ ಕಳೆದ ದಿನವನ್ನು ಸಾಯುವ ತನಕ ಮರೆಯುವುದಿಲ್ಲ ಎಂದು. ಕೆಳಗೆ ಅವನ ಸಹಿ, ಮೇಲೆ ನಿನ್ನ ಹೆಸರಿಲ್ಲ. ನೀನು ಊರಿಗೆ ಹೋಗುತ್ತೇನೆಂದು ಚೀಟಿ ಬರೆದುಕೊಟ್ಟು ಹೋದ ಆ ಭಾನುವಾರ ಎಲ್ಲಿಗೆ ಹೋಗಿದ್ದೆ ಎಂದು ನನಗೆ ತಿಳಿದದ್ದೇ ಅಲ್ಲಿ. ವಾರ್ಡನ್ ನಮ್ಮೂರು ಅಗಡಿಯಿಂದ ಅಪ್ಪನನ್ನು ಕರೆಸಿ, ಅದನ್ನು ಕನ್ನಡ ಮಾಡಿ ಓದಿ ಹೇಳಿದರು. ನೀನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಬರಲಿಲ್ಲ. ನಾನು ಒಂದು ಕ್ಯಾಸೆಟ್ಟನ್ನು ತಲೆಯ ಮೇಲೆ ಹಾಕಿಕೊಂಡಿದ್ದೆ, ನೀನು ಅದರೊಳಗೆ ಒಬ್ಬ ಗಂಡಸನ್ನು ಇಟ್ಟು ಕೊಟ್ಟಿದ್ದೆ.

ಅಪ್ಪ ಬೈಯಲಿಲ್ಲ. ನನ್ನ ಟ್ರಂಕನ್ನು ತಾವೇ ಹೊತ್ತು ಬಸ್ಸಿಗೆ ಹಾಕಿದರು. ನಾಲ್ಕು ತಿಂಗಳಲ್ಲಿ ನನ್ನನ್ನು ಬ್ಯಾಡಗಿಗೆ ಕೊಟ್ಟರು. ನಮ್ಮವರು ಒಳ್ಳೆಯವರು, ಆ ಮಾತು ಬೇರೆ. ನೀನು ಪರೀಕ್ಷೆ ಮುಗಿಸುವ ತನಕ ನಾನು ನಿನ್ನ ಹೆಸರು ಹೇಳಲಿಲ್ಲ. ಮುಗಿದ ಮೇಲೆ ಒಂದು ಸಲ ಅಪ್ಪನಿಗೆ ಹೇಳಿದೆ, ಅದು ಕಾವೇರಿಯದು, ನನ್ನದಲ್ಲ ಎಂದು. ಅವರು, "ಆಗ ನಿನ್ನ ಬಾಯಿಂದನ ನಂದು ಅಂದಿ. ಈಗ ಆ ಬಡವರ ಹುಡುಗಿ ಮ್ಯಾಲ ಹಾಕಬ್ಯಾಡ" ಅಂದರು. ನಾನು ಮತ್ತೆ ಆ ಮಾತು ತೆಗೆಯಲಿಲ್ಲ.

ನೀನು ಓದಿದೆ, ಲೆಕ್ಚರರ್ ಆದೆ. ಒಳ್ಳೆಯದೇ ಆಯಿತು. ದೇವರಾಣೆ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನಿನ್ನ ಮೊದಲ ಸಂಬಳದ ಸೀರೆಯನ್ನು ನಾನು ಸಂತೋಷದಿಂದಲೇ ಉಟ್ಟಿದ್ದೇನೆ. ಇಷ್ಟು ವರ್ಷ ನೀನು ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ನಡೆದಿತ್ತು. ಈಗ ನೀನಾಗಿ ಮೈಕ್ ಹಿಡಿದು ಅದನ್ನು ತಮಾಷೆ ಮಾಡಿದೆ. ಆ ಹಾಡಿಗೆ ಅವರು ಮಾಡಿದ್ದನ್ನೇ ನೀನು ನನಗೆ ಮಾಡಿದೆ. ಒದರುವ ಜಾಗವನ್ನೆಲ್ಲ ತೆಗೆದು ಕೊಳಲು ಹಾಕಿದೆ. ಹುಡುಗನಿಲ್ಲ, ಗಳಗನಾಥವಿಲ್ಲ, ಬಾಗಿಲ ಹೊರಗೆ ನಿಂತ ನೀನಿಲ್ಲ. ಉಳಿದದ್ದು ಒಂದು ಛಂದದ ಕಥೆ, ಒಂದು ಶಾಲು. ಆ ಶಾಲನ್ನು ನಾನು ಮೆಣಸಿನಕಾಯಿ ಚೀಲದ ಮೇಲೆ ಹೊದಿಸಿದ್ದೇನೆ, ಧೂಳು ಕೂರದ ಹಾಗೆ.

ಈಗ ಇಪ್ಪತ್ಮೂರನೇ ತಾರೀಖಿಗೆ ಹಾವೇರಿಯಲ್ಲಿ ಇದೇ ಕಾರ್ಯಕ್ರಮ ಎಂದು ಮೆಸೇಜು ಹಾಕಿದ್ದೀ. "ನೀ ಬಂದ್ರ ಕಥಿಗೆ ಕಳೆ ಬರ್ತದ" ಎಂದು ದನಿ ಮುದ್ರಿಸಿ ಕಳಿಸಿದ್ದೀ. ಹಾವೇರಿಯಲ್ಲಿ ನಮ್ಮ ಹಾಸ್ಟೆಲಿನ ಹುಡುಗಿಯರು ಇದ್ದಾರೆ, ಅಗಡಿಯ ನಮ್ಮ ಜನ ಬರುತ್ತಾರೆ. ಅವರು ಮೂವತ್ತು ವರ್ಷದಿಂದ ನನ್ನ ಬಗ್ಗೆ ಒಂದು ಮಾತು ಆಡಿಕೊಳ್ಳುತ್ತ ಬಂದಿದ್ದಾರೆ. ಅವರ ಮುಂದೆಯೂ ನನ್ನನ್ನು ಎಬ್ಬಿಸಿ ನಗಿಸುತ್ತೀಯಾ?

ಬರುತ್ತೇನೆ. ಮುಂದಿನ ಸಾಲಿನಲ್ಲೇ ಕೂಡುತ್ತೇನೆ. ಹಾಡು ಯಾವುದು ಬೇಕಾದರೂ ಹಚ್ಚು, ಎಂಬತ್ತು ಮಂದಿಯದಾದರೂ ಸರಿ, ಎಂಟುನೂರು ಮಂದಿಯದಾದರೂ ಸರಿ. ಆಮೇಲೆ ಅದೇ ಮೈಕಿನಲ್ಲಿ ಹೇಳು: ಕ್ಯಾಸೆಟ್ಟು ನಂದು, ಅದರೊಳಗಿನ ಬರಹ ನನಗೆ ಬರೆದದ್ದು, ಮುತ್ತವ್ವ ನನ್ನ ಸಲುವಾಗಿ ತನ್ನ ಮೇಲೆ ಹಾಕಿಕೊಂಡಳು. ಮೂರು ಮಾತು. ನೀನು ಹೇಳದಿದ್ದರೆ ನಾನು ಎದ್ದು ನಿಂತು ಹೇಳುತ್ತೇನೆ. ನನ್ನ ದನಿ ನಿನ್ನಷ್ಟು ನುಣುಪಿಲ್ಲ, ಶೆಡ್ಡಿನಲ್ಲಿ ನಲವತ್ತು ಮಂದಿಗೆ ಕೇಳುವ ಹಾಗೆ ಕೂಗಿ ರೂಢಿಯಾಗಿದೆ. ಕಾವ್ಯಾ ಬರುತ್ತಾಳೇನು ಎಂಬುದನ್ನೂ ಯೋಚಿಸು. ಅವಳಿಗೆ ನೀನೇ ಮನೆಯಲ್ಲಿ ಮೊದಲು ಹೇಳುವುದು ವಾಸಿ. ತಾಯಿಯ ಪ್ರೀತಿಯ ಕಥೆ ಕೇಳಿ ಇಂದಿನ ಹುಡುಗಿಯರು ಸಿಟ್ಟಾಗುವುದಿಲ್ಲ. ಬಾಗಿಲ ಹೊರಗೆ ನಿಂತದ್ದಕ್ಕೆ ಆಗಬಹುದು.

ಇಷ್ಟು ಬರೆದ ಮೇಲೂ ನಿನಗೆ ಕೆಟ್ಟದಾಗಲಿ ಎಂದು ಮನಸ್ಸು ಬರುವುದಿಲ್ಲ. ಮಂಡಿನೋವಿಗೆ ಡಾಕ್ಟರು ಕೊಟ್ಟದ್ದನ್ನು ತಪ್ಪಿಸಬೇಡ. ಕಾವ್ಯಾಳಿಗೆ ನನ್ನ ತುಂಬು ಹರಕೆ. ಅವಳ ಓದು ಅವಳು ಅಂದುಕೊಂಡಲ್ಲಿಗೆ ಮುಟ್ಟಲಿ, ನಡುವೆ ಯಾರೂ ಅವಳ ಟ್ರಂಕು ಹೊತ್ತು ಬಸ್ಸಿಗೆ ಹಾಕದಿರಲಿ.

ಇಂತಿ ನಿನ್ನ,
ಮುತ್ತವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅದಕ್ಕಾಗಿ ಒಂದು ತಿಂಗಳು ನಾನು ಹೀಗೆ ಉರಿಯುತ್ತಿರಲಿಲ್ಲ. ಆರು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ನೀನು ಅಗಡಿಗೆ ನೋಡಲು ಬಂದಿದ್ದೆ. ನಾನು ಚಹಾ ಮಾಡಿಕೊಂಡು ಬರುವಾಗ ಅಪ್ಪ ನಿನ್ನನ್ನು ಕೇಳುತ್ತಿದ್ದರು, "ಖರೇ ಹೇಳವ್ವ ಕಾವೇರಿ, ಆ ಕ್ಯಾಸೆಟ್ ನಮ್ಮ ಹುಡುಗೀದ ಏನು?" ನಾನು ಬಾಗಿಲಲ್ಲೇ ನಿಂತೆ. ನೀನು ನನ್ನನ್ನು ನೋಡಲಿಲ್ಲ. "ಹಳೇ ಮಾತು ಈಗ್ಯಾಕ ಬಿಡ್ರಿ ಕಾಕಾ, ಮೊದಲ ಆರಾಮ ಆಗ್ರಿ" ಎಂದೆ. ನಾನು ಒಳಗೆ ಬಂದೆ, ಚಹಾ ಕೊಟ್ಟೆ, ನೀನು ಕುಡಿದೆ, ಹೋದೆ. ನೀನು ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು ತಲೆಯ ಮೇಲೆ ಕೈ ಇಟ್ಟರು. "ಮುತ್ತಿ, ನಾ ನಿನ್ನ ಯಾವಾಗೋ ಮಾಫ್ ಮಾಡೇನಿ. ಮನಸಿಗೆ ಹಚ್ಕೋಬ್ಯಾಡ" ಎಂದರು. ಹನ್ನೊಂದು ದಿನಕ್ಕೆ ಹೋದರು. ನಾನು ಮಾಡದ ತಪ್ಪಿಗೆ ಅಪ್ಪ ನನ್ನನ್ನು ಕ್ಷಮಿಸಿ ಹೋದರು, ಕಾವೇರಿ. ಅವರ ಕೈ ನನ್ನ ತಲೆಯ ಮೇಲಿತ್ತು, ನಾನು ಹೂಂ ಅಂದೆ.