ಬೊಟ್ಟು ಕಿತ್ತ ಜಾಗ

ಗೋಣಿಬೀಡು
ಸೋಮವಾರ, ೧೦ ಫೆಬ್ರವರಿ ೨೦೨೫

ವಸ್ತಾರೆಯ ಬೀಗಿತ್ತಿ ಗಿರಿಜಾಂಬಾ ಅವರಿಗೆ ಹಾಲಮ್ಮನ ಶರಣು.

ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ನಾವು ಚೆನ್ನಾಗಿದ್ದೇವೆ ಎಂದು ಸುಳ್ಳು ಬರೆಯುವುದೂ ಇಲ್ಲ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ. ಕಾಗದವಾದರೆ ಹಾಗಲ್ಲ. ಹರಿದು ಒಲೆಗೆ ಹಾಕುವುದಾದರೂ ಓದಿಯೇ ಹಾಕುವವರು ನೀವು. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ. ಇನ್ನೊಬ್ಬರನ್ನು ತಿದ್ದುವುದು ನಿಮಗೆ ಇಷ್ಟವೂ ಹೌದು.

ನಿಮ್ಮ ಮಗ ಬಸವಪ್ರಸಾದ್ ಬಾಳೂರಿನ ತಿರುವಿನಲ್ಲಿ ಜೀಪು ಮಗುಚಿ ಹೋದಾಗ ನಾನೂ ಅತ್ತಿದ್ದೇನೆ. ಅಳಿಯ ಅಂದರೆ ಅವನು ಅಳಿಯ. ಆ ಮಾತು ಬೇರೆ. ಮಣ್ಣಿಗೆ ಒಯ್ಯುವ ಮೊದಲು ಹಜಾರದಲ್ಲಿ ಹೆಂಗಸರೆಲ್ಲ ಸೇರಿ ನನ್ನ ತನುಜಾಳ ಬಳೆ ಒಡೆದಿರಿ, ಹಣೆಯ ಬೊಟ್ಟು ಕಿತ್ತಿರಿ. ಕಿತ್ತವರು ನೀವೇ. ಬೊಟ್ಟು ಬಂತು, ಅದರ ಕೆಳಗೆ ಅದೇ ಅಳತೆಯ ಬಿಳಿ ಕಲೆ ಕಾಣಿಸಿತು. “ಅಯ್ಯೋ, ತೊನ್ನು! ಮುಚ್ಚಿಟ್ಟು ಮದ್ವೆ ಮಾಡಿದ್ದಾರಲ್ಲೇ!” ಎಂದಿರಿ. ಹೆಣದ ಮುಂದೆ, ಬೀಗಿತ್ತಿ. ನೆಂಟರು ನೋಡಿಯಾರು ಎಂದು ಹಿಡಿ ವಿಭೂತಿ ತಂದು ಅದರ ಮೇಲೆ ಬಳಿದಿರಿ. ಶಿವನ ವಿಭೂತಿಯನ್ನು ಗೋಡೆಯ ಸುಣ್ಣದ ಹಾಗೆ ಬಳಸಿದ್ದನ್ನು ನಾನು ಅವತ್ತೇ ನೋಡಿದ್ದು.

ಆಮೇಲೆ ಬೇರೆ ತಟ್ಟೆ, ಬೇರೆ ಲೋಟ, ಪಾರ್ಚ್‌ಮೆಂಟ್ ಕಾಫಿಯ ಚೀಲ ಇಡುವ ಕೋಣೆಯಲ್ಲಿ ಹಾಸಿಗೆ. ಅದೂ ಸಾಲದೆ, “ತವರಿಗೆ ಹೋಗಿ ಗುಣ ಮಾಡಿಸ್ಕೊಂಡು ಬಾ. ಮಗು ಇಲ್ಲೇ ಇರ್ಲಿ, ಅದಕ್ಕೂ ಅಂಟೋದು ಬೇಡ” ಎಂದು ಬಸ್ಸು ಹತ್ತಿಸಿದಿರಿ. ಧನ್ಯಶ್ರೀಗೆ ಇನ್ನೂ ಐದು ತುಂಬಿಲ್ಲ. ಅಮ್ಮನ ಸೆರಗು ಹಿಡಿಯದೆ ನಿದ್ದೆ ಬಾರದ ಕೂಸು ಅದು.

ಚರ್ಮದ ಕಾಯಿಲೆ ಗುರುತಿಸಲು ನನಗೂ ಬರುತ್ತದೆ ಅಂದುಕೊಂಡಿದ್ದೆ. ಕೆರೆದರೆ ಹೊಟ್ಟು ಉದುರಿದರೆ ಚಿಬ್ಬು. ಅಂಚು ಕೆಂಪಾಗಿ ಉಂಗುರದ ಹಾಗೆ ಹರಡಿದರೆ ಹುಳುಕಡ್ಡಿ. ಕಲೆಯ ಮೇಲೆ ಚುಚ್ಚಿದರೂ ತಿಳಿಯದಿದ್ದರೆ ಹೆದರಬೇಕು. ತನುಜಾಳ ಹಣೆಗೆ ಸೂಜಿಯ ಮೊನೆ ತಾಗಿಸಿದೆ. “ಅಮ್ಮಾ, ನೀನೂ ಶುರು ಮಾಡಿದ್ಯಾ?” ಎಂದು ಕೈ ತಳ್ಳಿದಳು.

ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸು, ದೀಪ ಹಿಡಿದು ನೋಡಿ ಮೊದಲು ಕೇಳಿದ್ದೇ “ಯಾವ ಸ್ಟಿಕ್ಕರ್ ಹಚ್ತೀರಾ?” ಎಂದು. ಮೈಮೇಲೆ ಬೇರೆಲ್ಲೂ ಇಲ್ಲ, ಬೊಟ್ಟಿನ ಅಳತೆ ಮೀರಿಲ್ಲ, ಇದು ಬೊಟ್ಟಿನ ಹಿಂದಿನ ಗೋಂದು ಮಾಡಿದ ಕೆಲಸ ಎಂದರು. ಕೆಲವರಿಗೆ ಆ ಗೋಂದು ಆಗಿಬರುವುದಿಲ್ಲವಂತೆ, ಚರ್ಮದ ಬಣ್ಣವನ್ನೇ ತಿಂದುಹಾಕುತ್ತದಂತೆ. “ಇದು ಅಂಟೋದಿಲ್ಲ. ತೊನ್ನೇ ಆಗಿದ್ರೂ ಅಂಟ್ತಿರ್ಲಿಲ್ಲ ಅಜ್ಜಿ” ಎಂದರು. ಕೇಳಿಸಿತೇ, ಗಿರಿಜಾಂಬಾ?

ಆ ಬೊಟ್ಟು ತಂದದ್ದು ಯಾರು? ತನುಜಾ ನಮ್ಮ ಮನೆಯಲ್ಲಿ ಸಾಸಿವೆ ಕಾಳಿನಷ್ಟು ಕುಂಕುಮ ಇಡುತ್ತಿದ್ದಳು. “ಇದೇನು, ಸೊಳ್ಳೆ ಕಚ್ಚಿದ ಹಾಗೆ!” ಎಂದು ನಕ್ಕು, ಪೇಟೆಯಿಂದ ನಾಣ್ಯದಗಲದ ಸ್ಟಿಕ್ಕರು ತಂದು ಹಚ್ಚಿಸಿದವರು ನೀವು. ರಾತ್ರಿ ಮಲಗುವಾಗಲೂ ತೆಗೆಯಬಾರದು ಎಂದವರು ನೀವು.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಹವಾಯಿ ಚಪ್ಪಲಿಯ ರಬ್ಬರು ಕೂಡ ಕೆಲವರ ಕಾಲಿಗೆ ಹೀಗೇ ಮಾಡುತ್ತದಂತೆ, ಬಾರು ತಾಗುವ ಕಡೆಯಷ್ಟೇ ಬೆಳ್ಳಗೆ. ಕೂತಲ್ಲೇ ನಿಮ್ಮ ನೆನಪಾಯಿತು. ಮದುವೆಯ ದಿನ ಹಿತ್ತಾಳೆ ತಟ್ಟೆಯಲ್ಲಿ ನಿಮ್ಮ ಪಾದ ತೊಳೆದವಳು ನಾನು. ಕಾಲುಚೀಲ ತೆಗೆಯಲು ಎಷ್ಟು ಹಿಂದೆಮುಂದೆ ನೋಡಿದಿರಿ! ಎರಡೂ ಪಾದದ ಮೇಲೆ ಚಪ್ಪಲಿ ಬಾರಿನ ಆಕಾರದಲ್ಲೇ ಬಿಳಿ ಕಲೆ. ನೀವು ನನ್ನ ಮುಖ ನೋಡಿದಿರಿ. ನಾನು ಒರೆಸಿ, ಅರಿಶಿನ ಸ್ವಲ್ಪ ಹೆಚ್ಚಾಗಿಯೇ ಹಚ್ಚಿ, ಸುಮ್ಮನೆ ಎದ್ದೆ. ನಮ್ಮ ಯಜಮಾನರಿಗೂ ಹೇಳಲಿಲ್ಲ. ನಿಮ್ಮ ಕಾಲಿನ ಕಲೆ ನನ್ನ ಬಾಯಿ ದಾಟಲಿಲ್ಲ. ನನ್ನ ಮಗಳ ಹಣೆಯದು ವಸ್ತಾರೆಯ ಬಸ್‌ಸ್ಟ್ಯಾಂಡಿನವರೆಗೂ ಹೋಯಿತು.

“ಇನ್ನು ಸ್ಟಿಕ್ಕರ್ ಬೇಡ, ಬರೀ ಕುಂಕುಮ ಇಟ್ಕೊಳ್ಳಿ” ಎಂದಿದ್ದರು ಡಾಕ್ಟರಮ್ಮ, ಪಾಪ, ವಿಷಯ ಗೊತ್ತಿಲ್ಲದೆ. ನಿನ್ನೆ ನನ್ನ ಕೈಯಾರೆ ಇಟ್ಟೆ. ತನುಜಾ ಕನ್ನಡಿ ನೋಡಿದಳು. “ಅತ್ತೆ ಏನಂತಾರೋ” ಎಂದು ಒರೆಸಿಕೊಂಡಳು. ಇಷ್ಟು ದೂರದಲ್ಲಿ, ನನ್ನ ಮನೆಯೊಳಗೆ!

ಶುಕ್ರವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ, ಮಗುವನ್ನು ಕರೆದೊಯ್ಯಲು. ಬಾಗಿಲು ತೆಗೆಯದಿದ್ದರೆ ಅಂಗಳದಲ್ಲೇ ನಿಂತು ಮಾತಾಡುತ್ತೇನೆ. ನನ್ನ ಗಂಟಲು ನಿಮಗೆ ಗೊತ್ತು. ಮಾತಿಗೆ ಮಾತು ಬೆಳೆದರೆ ಕಾಲುಚೀಲದ ಮಾತೂ ಬರುತ್ತದೆ.

ಇಂತಿ,
ಬಾಯಿ ಮುಚ್ಚಿಕೊಂಡಿದ್ದು ಸಾಕಾದ ನಿಮ್ಮ ಬೀಗಿತ್ತಿ
ಹಾಲಮ್ಮ

ಮತ್ತೆ ಬರೆಯುವುದು: ಕವರು ಅಂಟಿಸುವ ಹೊತ್ತಿಗೆ ತನುಜಾ ಅಳುತ್ತ ಮೊಬೈಲು ತಂದು ತೋರಿಸಿದಳು. ನಿಮ್ಮ ಕಿರಿಮಗ ಮಲ್ಲೇಶ್ ಸ್ಟೇಟಸ್ಸಿಗೆ ಹಾಕಿದ ಫೋಟೋ. ಧನ್ಯಶ್ರೀ ಲಂಗ ತೊಟ್ಟು ನಿಂತಿದ್ದಾಳೆ, ಪುಟ್ಟ ಹಣೆಯ ತುಂಬ ಅದೇ ಕೆಂಪು ಸ್ಟಿಕ್ಕರು. ಅಮ್ಮನದು ಉಳಿದದ್ದು, ಹಾಳಾಗುವುದೇಕೆ ಎಂದು ಹಚ್ಚಿರಬೇಕು ನೀವು. ತಾಯಿಯ ಚರ್ಮವೇ ಅದಕ್ಕೂ ಬಂದಿದ್ದರೆ? ಫೋನು ಮಾಡಿದೆವು, ಯಾರೂ ಎತ್ತಲಿಲ್ಲ. ಅದಕ್ಕೇ ಕಾಗದವನ್ನು ಪೋಸ್ಟಿಗೆ ಹಾಕದೆ ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಗಿರಿಜಾಂಬಾ, ನಿಮ್ಮ ಕಾಲಿನ ವಿಷಯ ನಾನು ಎಲ್ಲೂ ಎತ್ತುವುದಿಲ್ಲ, ಆಣೆ. ಮೇಲೆ ಬರೆದದ್ದನ್ನೆಲ್ಲ ಒಲೆಗೆ ಹಾಕಿ. ಶುಕ್ರವಾರದವರೆಗೆ ಮಾತ್ರ ಕಾಯಬೇಡಿ. ಈಗಲೇ ಎದ್ದು ಹೋಗಿ ಮಗುವಿನ ಹಣೆಯಿಂದ ಅದನ್ನು ತೆಗೆಯಿರಿ. ಎಣ್ಣೆ ಸವರಿ, ಮೆಲ್ಲಗೆ.