ಪಾಸಾದ ಪೇಪರು

ಜೂನ್ ೨೦, ಶುಕ್ರವಾರ. ಹೊನ್ನಾವರ

ಇವತ್ತೂ ಅದೇ ಉತ್ತರ. ಮೂರನೇ ವರ್ಷಕ್ಕೆ ಬೇರೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ಹಿಂದಿನ ಯಾವ ವಿಷಯದಲ್ಲೂ ಐವತ್ತಕ್ಕಿಂತ ಕಡಿಮೆ ಇರಬಾರದಂತೆ. ನನಗೆ ಉಳಿದೆಲ್ಲದರಲ್ಲೂ ಎಂಬತ್ತರ ಮೇಲಿದೆ. ಜ್ವರದಲ್ಲಿ ಬರೆದ ಕೆಮಿಸ್ಟ್ರಿಯಲ್ಲಿ ಮಾತ್ರ ನಲವತ್ತೊಂದು. ಇಲ್ಲೇ ಉಳಿಯೋಣವೆಂದರೆ ಮುಂದಿನ ವರ್ಷ ನಾನು ಆರಿಸಿಕೊಂಡ ಸ್ಟ್ಯಾಟಿಸ್ಟಿಕ್ಸ್ ಕಲಿಸುವವರೇ ಇಲ್ಲ.

"ಅದೊಂದು ಪೇಪರು ಮತ್ತೆ ಬರೀತೆ ಸರ್," ಎಂದೆ.

ಕಾಲೇಜು ಆಫೀಸಿನ ಮಾದೇವ ಸರ್ ಕನ್ನಡಕ ತೆಗೆದಿಟ್ಟರು. "ಪಾಸಾದ ಪೇಪರು ಮತ್ತೆ ಬರೆಯೂಕೆ ಬಿಡೂದಿಲ್ಲ ತಂಗಿ. ಫೇಲಾಗಿದ್ರೆ ಬರೀಲಕ್ಕಿತ್ತು."

"ಹಂಗಾರೆ ನಾ ಈಗ ಎಂತ ಮಾಡೂದು?"

ಅವರು ನನ್ನ ಅಂಕಪಟ್ಟಿ ಮಡಚಿ ವಾಪಸ್ಸು ಕೊಟ್ಟರು. ಪಾಪ, ನಿಯಮ ಮಾಡಿದವರು ಅವರಲ್ಲವಲ್ಲ.

ಪಾಸಿಗೆ ನಲವತ್ತು ಸಾಕು; ಎರಡೇ ಅಂಕ ಕಡಿಮೆ ಬಿದ್ದಿದ್ದರೆ ಇಷ್ಟೊತ್ತಿಗೆ ಮರುಪರೀಕ್ಷೆಗೆ ಓದುತ್ತಿದ್ದೆ. ಯಾರ ಮೇಲೆ ಸಿಟ್ಟಾಗಲಿ? ಹೋಗಲಿ ಪಾಪ ಎಂದು ನನ್ನನ್ನು ಪಾಸು ಮಾಡಿದ ಯಾವುದೋ ಮೇಷ್ಟರ ಮೇಲೆಯೇ?

ಅಮ್ಮನಿಗೆ ಹೇಳಬೇಕೆಂದು ಕಾದೆ. ಒಣಮೀನು ಮಾರಿ ಬಂದವಳು ಬುಟ್ಟಿ ಇಳಿಸುವ ಮೊದಲೇ, "ನಮ್ ಸುಚಿತಾ ಒಂದ್ರಲ್ಲೂ ಫೇಲಾಗ್ಲಿಲ್ಲ ಅಂದಿ ಪೇಟೆಲಿ ಎಲ್ಲರಿಗೂ ಹೇಳ್ದೆ," ಎಂದು ನಕ್ಕಳು.

ಹೌದೆಂದು ತಲೆಯಾಡಿಸಿದೆ. ಸುಳ್ಳೇನಲ್ಲವಲ್ಲ. ಫೇಲಾಗದೆ ಇದ್ದದ್ದೇ ತಪ್ಪಾಯಿತು ಎಂದು ಇನ್ನು ಅವಳಿಗೆ ಹೇಗೆ ಹೇಳಲಿ?