ಬರ್ಗಂಡಿಯ ಏರಿನಲ್ಲಿ ನಿನಗಾಗಿ ಕಾದದ್ದು

ಫವಾಝ್,

ನಿನ್ನೆ ದೋಹಾಕ್ಕೆ ವಾಪಸಾದೆ. ನಜ್ಮಾ ಬಡಾವಣೆಯ ನಮ್ಮ ರೂಮಿನಲ್ಲಿ ಸೈಕಲ್ ಇನ್ನೂ ಪೆಟ್ಟಿಗೆಯಲ್ಲೇ ಇದೆ. ನಾವಿಬ್ಬರೂ ಸೈಕಲ್ ತುಳಿಯಲು ಹೋಗಬೇಕಿದ್ದ ಫ್ರಾನ್ಸಿನ ಬರ್ಗಂಡಿಗೆ ನಾನೊಬ್ಬನೇ ಹೋಗಿಬಂದೆ.

ಅಲ್ಲಿ ರಸ್ತೆ ಏರುತ್ತಲೇ ಇರುತ್ತದೆ, ಇಳಿಯುತ್ತಲೇ ಇರುತ್ತದೆ. ಎರಡೂ ಕಡೆ ಗೋಧಿ, ದ್ರಾಕ್ಷಿ. ನಾವು ಏರು ಹತ್ತಿ ಅಭ್ಯಾಸ ಮಾಡುತ್ತಿದ್ದದ್ದು ಇಲ್ಲಿ ದೋಹಾದ ಇಂಡಸ್ಟ್ರಿಯಲ್ ಏರಿಯಾದ ಫ್ಲೈಓವರ್ ಮೇಲೆ. "ನೀವು ಹೋಗಿ ಸೋಮಣ್ಣ, ನಾನು ಹಿಂದೆಯೇ ಬರ್ತೇನೆ ಮಾರಾಯ್ರೆ" ಎನ್ನುತ್ತಿದ್ದೆ ನೀನು. ಪ್ರತಿ ಸಲ ಬರುತ್ತಲೂ ಇದ್ದೆ, ನಿನಗೆ ಲಾರಿ ಬಡಿದ ಆ ಶುಕ್ರವಾರ ಒಂದು ಬಿಟ್ಟು.

ಫ್ರಾನ್ಸಿನಲ್ಲೂ ಪ್ರತಿ ಏರಿನ ತುದಿಯಲ್ಲಿ ನಿಂತು ಹಿಂದೆ ತಿರುಗಿ ನೋಡುತ್ತಿದ್ದೆ. ಒಂದು ಮಧ್ಯಾಹ್ನ, ಸೈಕಲ್ಲಿನಲ್ಲೇ ಬಂದ ಅಜ್ಜಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು, "ಯಾರಿಗಾದರೂ ಕಾಯುತ್ತಿದ್ದೀರಾ?"

"ಹೌದು, ಗೆಳೆಯ ಬರುತ್ತಿದ್ದಾನೆ" ಅಂದುಬಿಟ್ಟೆ.

ಅವರೂ ನನ್ನ ಜೊತೆ ನಿಂತರು. ಬಹಳ ಹೊತ್ತಾದ ಮೇಲೆ ಅವರಿಗೇ ಗಾಬರಿಯಾಯಿತು. "ಎಲ್ಲಾದರೂ ಬಿದ್ದಿರಬಹುದು. ಹೆಸರೇನು?" ಎಂದರು. ಹೇಳಿದೆ. ತಡೆಯುವಷ್ಟರಲ್ಲಿ ಇಳಿಜಾರಿನಲ್ಲಿ ಹೊರಟೇಬಿಟ್ಟರು. ಕೆಳಗೆ ಮರಗಳ ನಡುವಿನಿಂದ ಅವರ ದನಿ ಕೇಳಿತು: "ಫವಾಝ್! ಫವಾಝ್!"

ನೀನು ಹೋದ ಮೇಲೆ ನಿನ್ನ ಹೆಸರನ್ನು ಯಾರೂ ಹಾಗೆ ಕೂಗಿರಲಿಲ್ಲ. ಎಲ್ಲಿ ಓಗೊಡುತ್ತೀಯೋ ಎಂದು ಉಸಿರು ಬಿಗಿಹಿಡಿದು ನಿಂತೆ.

ಅಜ್ಜಿ ಏದುಸಿರು ಬಿಡುತ್ತಾ ಮೇಲೆ ಬಂದರು. "ಅಲ್ಲಿ ಯಾರೂ ಇಲ್ಲವಲ್ಲ" ಎಂದರು.

"ಇಲ್ಲ" ಅಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಸೋಮನಾಥ